ಅಟ್ಟದ ಕಡತ ಯಾರ ಋಣ?

ಕರಾವಳಿಯ ಹಳೆಯ ಗುತ್ತು, ಬೀಡು, ಅಗ್ರಹಾರದ ಮನೆಗಳಲ್ಲಿ ಪಾಲು ನಡೆಯುವಾಗ ಎಲ್ಲದಕ್ಕೂ ಒಂದು ಕ್ರಮವಿದೆ. ಗದ್ದೆಗೆ ಸರ್ವೆ ನಂಬರು, ತೋಟಕ್ಕೆ ಮರದ ಲೆಕ್ಕ, ಬಂಗಾರಕ್ಕೆ ತೂಕ, ದೈವದ ಭಂಡಾರಕ್ಕೆ ಕಟ್ಟುಕಟ್ಟಳೆ. ಅಟ್ಟದ ಪೆಟ್ಟಿಗೆಯಲ್ಲಿರುವ ಕಾಗದಗಳಿಗೆ ಮಾತ್ರ ಯಾವ ಕ್ರಮವೂ ಇಲ್ಲ. ಗೇಣಿಚೀಟಿ, ಅಡವುಪತ್ರ, ಕ್ರಯಪತ್ರ, ಕೋರ್ಟಿನ ಡಿಕ್ರಿಯ ನಕಲು, ಕಲೆಕ್ಟರರ ಕಚೇರಿಯಿಂದ ಬಂದ ಹುಕುಂ, ಓಲೆಗರಿಯ ಕಟ್ಟು, ಹುಣಸೆಬೀಜದ ಸರಿ ಮತ್ತು ಇದ್ದಿಲು ಹಚ್ಚಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಪ್ಪು ಕಡತ, ಹೀಗೆ ಇನ್ನೂರು ವರ್ಷದ ಬರಹ ಅಲ್ಲಿ ರಾಶಿ ಬಿದ್ದಿರುತ್ತದೆ. ಈಗಲೂ ಕೆಲಸಕ್ಕೆ ಬರುವ ಒಂದೆರಡು ದಾಖಲೆಗಳನ್ನು ಯಾರಾದರೂ ತೆಗೆದಿಟ್ಟುಕೊಳ್ಳುತ್ತಾರೆ. ಮಿಕ್ಕದ್ದು ಗೆದ್ದಲಿಗೆ, ಗುಜರಿಗೆ, ಇಲ್ಲವೇ ಭಕ್ತಿಯಿಂದಲೇ ಹರಿಯುವ ನೀರಿಗೆ. ಹಾಗೆ ಮಾಡುವವರನ್ನು ಬೈದು ಪ್ರಯೋಜನವಿಲ್ಲ, ಏಕೆಂದರೆ ಅವರ ಎದುರಿಗಿರುವುದು ಧರ್ಮದ ಪ್ರಶ್ನೆ: ಆ ಕಾಗದ ಯಾರದು? ಅದನ್ನು ಇಟ್ಟುಕೊಳ್ಳುವ, ಮುಚ್ಚಿಡುವ, ನಾಶಮಾಡುವ ಹಕ್ಕು ಮನೆಯವರಿಗೆ ಎಷ್ಟರ ಮಟ್ಟಿಗೆ ಇದೆ? ವಸಾಹತುಕಾಲದ ಕೌಟುಂಬಿಕ ಕಾಗದವನ್ನು ದಾಯವೆಂದು ಎಣಿಸುವುದೇ ತಪ್ಪು, ಅದನ್ನು ಋಣವೆಂದು ಎಣಿಸಬೇಕು ಎಂಬುದು ನನ್ನ ವಾದ. ದಾಯವಾದರೆ ಪಡೆದವನು ಯಜಮಾನ. ಋಣವಾದರೆ ಪಡೆದವನು ಬಾಕಿದಾರ.

ಕಾಗದಕ್ಕೆ ಈ ತೂಕ ಬಂದದ್ದು ಹೇಗೆಂಬುದನ್ನು ಮೊದಲು ನೋಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾಕ್ಕೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿ ಭೂಮಿ ಖಾಸಗಿ ಸ್ವತ್ತಾಗಿ ಬಹುಕಾಲದಿಂದ ನಡೆದುಬಂದಿದೆ ಎಂದು 1800ರಲ್ಲಿ ಮದರಾಸಿಗೆ ವರದಿ ಬರೆದ. ಆ ನಿರ್ಣಯಕ್ಕೆ ಆಧಾರವಾದದ್ದು ಹಳೆಯ ಲೆಕ್ಕಗಳು ಮತ್ತು ಪತ್ರಗಳು. ಘಟ್ಟದ ಮೇಲೆ, ಮುಂಬಯಿ ಆಡಳಿತದ ಧಾರವಾಡ–ಬೆಳಗಾವಿ ಸೀಮೆಯಲ್ಲಿ, ಇನಾಮು ಕಮಿಷನ್ನು ಇನ್ನೂ ಕಠಿಣವಾಗಿ ನಡೆದುಕೊಂಡಿತು. 1852ರ ಕಾಯ್ದೆಯ ಬಲದಿಂದ ಅದು ಇನಾಮುದಾರರನ್ನೆಲ್ಲ ಕರೆದು ಸನದು ತೋರಿಸಲು ಹೇಳಿತು, ಪುಣೆಯಲ್ಲಿದ್ದ ಪೇಶ್ವೆ ದಫ್ತರದೊಂದಿಗೆ ತಾಳೆ ನೋಡಿತು, ತಾಳೆಯಾಗದವರ ಭೂಮಿಗೆ ಕಂದಾಯ ಹಾಕಿತು. ಅಲ್ಲಿಯವರೆಗೆ ಅನುಭೋಗ, ಊರಿನ ನೆನಪು, ದೇವರ ಮುಂದಿನ ಪ್ರಮಾಣ ಇವೆಲ್ಲವೂ ಹಕ್ಕಿಗೆ ಸಾಕ್ಷಿಯಾಗಿದ್ದವು. ಕಂಪನಿ ಸರ್ಕಾರದ ಕಣ್ಣಿಗೆ ಅವು ಕಾಣಲಿಲ್ಲ, ಕಾಗದವೊಂದೇ ಕಂಡಿತು. ಹೀಗಾಗಿ ಅದೇ ಕಾಗದ ಒಂದು ಮನೆಯನ್ನು ಉಳಿಸಿತು, ಇನ್ನೊಂದನ್ನು ಮುಳುಗಿಸಿತು. ಹಳೆಯ ಮನೆತನಗಳಲ್ಲಿ ಪೆಟ್ಟಿಗೆಯನ್ನು ಹೊರಗಿನವರಿಗೆ ತೋರಿಸಬಾರದೆಂಬ ಭಯ ಇಂದಿಗೂ ಇದ್ದರೆ ಅದನ್ನು ಬರೀ ಸಂಕುಚಿತ ಬುದ್ಧಿ ಎನ್ನುವಂತಿಲ್ಲ. ಕೇಳಿದವರೆಲ್ಲ ಕಿತ್ತುಕೊಳ್ಳಲು ಬಂದವರಾಗಿದ್ದ ಕಾಲವೊಂದಿತ್ತು.

ಆ ಭಯದ ಫಲ ಮಾತ್ರ ವಿಚಿತ್ರವಾಯಿತು. ಆಳಿದವರ ಮನೆಯ ಕಾಗದಗಳು ಸುರಕ್ಷಿತವಾಗಿ ಉಳಿದವು, ಆಳಿಸಿಕೊಂಡವರವು ಕರಗಿಹೋದವು. ಮನ್ರೋನ ಖಾಸಗಿ ಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಭಾರತದಲ್ಲಿದ್ದ ಇಂಗ್ಲಿಷ್ ಕುಟುಂಬಗಳ ಪತ್ರ, ದಿನಚರಿ, ಛಾಯಾಚಿತ್ರಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ ಹುಡುಕಿ ಕೂಡಿಸಿಟ್ಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಊರಿಗೆ ಕಳಿಸಿದ ವರದಿಗಳು ಬಾಸೆಲ್ ನಗರದಲ್ಲಿ ಓದಲು ಸಿಗುತ್ತವೆ. ಹಾಗಾಗಿ ಕೆನರಾದ ಇತಿಹಾಸ ಬರೆಯುವವನಿಗೆ ಕಲೆಕ್ಟರನ ಮನಸ್ಸು ಗೊತ್ತು, ಪಾದ್ರಿಯ ಮನಸ್ಸು ಗೊತ್ತು. ಕಂದಾಯ ಕಟ್ಟಿದ ಪಟೇಲನ ಮನಸ್ಸು ಗೊತ್ತಿಲ್ಲ. 1837ರ ಅಮರ ಸುಳ್ಯದ ದಂಗೆಯನ್ನೇ ತೆಗೆದುಕೊಳ್ಳಿ. 1834ರಲ್ಲಿ ಕೊಡಗು ಕಂಪನಿಯ ಕೈಸೇರಿ, ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳು ಕೆನರಾಕ್ಕೆ ಸೇರಿದವು. ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿ ಬಂದದ್ದು ಆ ಬಂಡಾಯದ ಮುಖ್ಯ ಕಾರಣಗಳಲ್ಲಿ ಒಂದೆಂದು ಹೇಳುತ್ತಾರೆ. ನಗದು ಎಲ್ಲಿಂದ ಬಂತು, ಯಾರ ಬಳಿ ಎಷ್ಟು ಬಡ್ಡಿಗೆ ತಂದರು, ಯಾವ ಗದ್ದೆ ಅಡವಿಗೆ ಹೋಯಿತು ಎಂಬುದನ್ನು ದಂಗೆ ಅಡಗಿಸಿದವರ ಕಡತ ಹೇಳುವುದಿಲ್ಲ. ಅದು ಆ ಸೀಮೆಯ ಮನೆಗಳ ಲೆಕ್ಕದಲ್ಲಿರಬೇಕು. ಒಂದೊಂದು ಪೆಟ್ಟಿಗೆ ಹೊಳೆಗೆ ಬಿದ್ದಂತೆ ಸರ್ಕಾರದ ವಿವರಣೆಯೊಂದೇ ಉಳಿಯುತ್ತ ಹೋಗುತ್ತದೆ.

ಆದರೆ ವಿಷಯ ಇಲ್ಲಿಗೇ ನಿಂತರೆ ಅದು ಮನೆತನಗಳ ಮತ್ತು ಕಂಪನಿಯ ನಡುವಿನ ಜಗಳವಾಗುತ್ತದೆ, ಅಷ್ಟೆ. ಪೆಟ್ಟಿಗೆಯೊಳಗೆ ಮೂರನೆಯವರೊಬ್ಬರಿದ್ದಾರೆ. 1801ರ ಸುಮಾರಿಗೆ ಕೆನರಾವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಲ್ಲಿ ಜೀತದಾಳುಗಳಿಂದ ಬೇಸಾಯ ನಡೆಯುತ್ತಿದ್ದುದನ್ನು ವಿವರವಾಗಿ ದಾಖಲಿಸಿದ್ದಾನೆ. ಮೂಲದಾಳುಗಳೆಂದು ಕರೆಯಲಾಗುತ್ತಿದ್ದ ಈ ಜನರನ್ನು ಭೂಮಿಯ ಜೊತೆಗೂ ಬೇರೆಯಾಗಿಯೂ ಮಾರುವುದು, ಅಡವು ಇಡುವುದು ಇತ್ತು. 1843ರ ಕಾಯ್ದೆ ಗುಲಾಮಗಿರಿಯ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದಿತು. ಬದುಕು ಕಾಯ್ದೆಯಷ್ಟು ಬೇಗ ಬದಲಾಗಲಿಲ್ಲ. ಮುಂದೆ ಗೇಣಿಯ ಕಾಲ. ಮೂಲಗೇಣಿದಾರನಿಗೆ ಪತ್ರದ ಬಲವಿತ್ತು, ಚಾಲಗೇಣಿದಾರನಿಗೆ ಬಹುಮಟ್ಟಿಗೆ ಒಡೆಯನ ಮಾತೇ ಗತಿ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಉಳುವವನು ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ, ಅವನ ಉಳುಮೆಗೆ ಇದ್ದ ಬರಹದ ಸಾಕ್ಷಿ ಬಹಳ ಸಲ ಎದುರಾಳಿಯ ಮನೆಯ ಗೇಣಿಲೆಕ್ಕದಲ್ಲಿತ್ತು. ಸ್ವಂತ ಕಾಗದವೇ ಇಲ್ಲದವರ ಹೆಸರು, ಸಾಲ, ಮದುವೆಗೆ ಪಡೆದ ಮುಂಗಡ, ಕೊಟ್ಟ ಅಕ್ಕಿ, ಹಾಕಿದ ದಂಡ ಇವೆಲ್ಲ ಬರೆದಿಟ್ಟಿರುವುದು ಅವರನ್ನು ದುಡಿಸಿಕೊಂಡವರ ಕಡತದಲ್ಲಿ. ಅದು ಹೋದರೆ ಅವರು ಇದ್ದರೆಂಬುದಕ್ಕೇ ಬರಹದ ಪುರಾವೆ ಹೋಯಿತು.

ಈಗ ಋಣದ ಮಾತಿಗೆ ಬರೋಣ. ಮನುಷ್ಯ ಹುಟ್ಟುತ್ತಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತಿರುತ್ತಾನೆ ಎಂಬ ತೈತ್ತಿರೀಯ ಸಂಹಿತೆಯ ವಿಚಾರ ನಮ್ಮ ಮನೆಮಾತೇ ಆಗಿದೆ. ಹಳೆಯ ಕಾಗದವನ್ನು ನಾವು ಸಹಜವಾಗಿ ಪಿತೃಋಣದ ಕಟ್ಟಿಗೆ ಸೇರಿಸಿಬಿಟ್ಟಿದ್ದೇವೆ. ಅದು ಹಿರಿಯರದು, ಆದ್ದರಿಂದ ನವರಾತ್ರಿಯಲ್ಲಿ ಅರಿಸಿನ ಕುಂಕುಮ; ಓದಲು ಬಾರದಿದ್ದರೆ ಅಸ್ಥಿಯಂತೆ ವಿಸರ್ಜನೆ. ಆದರೆ ಬರಹ ಋಷಿಋಣಕ್ಕೂ ಸೇರಿದ್ದು. ಋಷಿಋಣ ತೀರುವುದು ಅಧ್ಯಯನದಿಂದ. ಓದದೆ ಪೂಜಿಸಿದರೆ ಅದು ತೀರುವುದಿಲ್ಲ. ಮೂಡುಬಿದಿರೆಯ ಉದಾಹರಣೆ ಇಲ್ಲಿ ಕಣ್ಣು ತೆರೆಸುವಂಥದು. ದಿಗಂಬರ ಜೈನರ ಪರಮಾಗಮವಾದ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಆ ಭಕ್ತಿ ಅವನ್ನು ಉಳಿಸಿತು, ನಿಜ. ಅದು ಮತ್ತೆ ಜ್ಞಾನವಾದದ್ದು ಮಾತ್ರ 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಹೊರಬಂದಾಗ. ಕಾಯುವುದು ಅರ್ಧ ಧರ್ಮ, ಓದಲು ಕೊಡುವುದು ಇನ್ನರ್ಧ.

ಶತಪಥ ಬ್ರಾಹ್ಮಣ ಈ ಮೂರರ ಜೊತೆಗೆ ನಾಲ್ಕನೆಯದೊಂದನ್ನು ಹೇಳುತ್ತದೆ: ಮನುಷ್ಯಋಣ. ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ ಹೇಗೋ ಹಾಗೆ ಸುತ್ತಲಿನ ಮನುಷ್ಯರಿಗೂ ನಾವು ಹುಟ್ಟುವಾಗಲೇ ಬಾಕಿದಾರರು. ಮೂರು ಋಣಗಳ ಮಾತು ಪ್ರಸಿದ್ಧವಾದಷ್ಟು ಈ ನಾಲ್ಕನೆಯದು ಆಗಲಿಲ್ಲ. ನನ್ನ ವಾದದ ಮುಖ್ಯ ಕಂಬ ಇದೇ. ಪೆಟ್ಟಿಗೆಯ ಕಾಗದದಲ್ಲಿ ಬರೆದವರ ಹೆಸರೂ ಇದೆ, ಬರೆಸಿಕೊಂಡವರ ಹೆಸರೂ ಇದೆ. ಬರೆದವರಿಗೆ ನಾವು ಪಿತೃಋಣದಿಂದ ಬದ್ಧರಾದರೆ, ಬರೆಸಿಕೊಂಡವರಿಗೆ ಮನುಷ್ಯಋಣದಿಂದ ಬದ್ಧರು. ಮೊದಲನೆಯದನ್ನು ತೀರಿಸುವ ಹೆಸರಿನಲ್ಲಿ ಎರಡನೆಯದರ ಪುರಾವೆಯನ್ನು ಅಳಿಸುವುದು, ಒಬ್ಬ ಸಾಲಿಗನಿಗೆ ಕೈಮುಗಿದು ಇನ್ನೊಬ್ಬ ಸಾಲಿಗನ ಪತ್ರವನ್ನು ಹರಿದುಹಾಕಿದಂತೆ.

ಇಲ್ಲಿ ಪಂಡಿತರು ಒಂದು ಆಕ್ಷೇಪ ಎತ್ತಬಹುದು, ಅದು ನ್ಯಾಯವಾದದ್ದೇ. ಶತಪಥದ ಮನುಷ್ಯಋಣ ತೀರುವುದು ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಡುವುದರಿಂದ. ಅದರಲ್ಲಿ ಕಡತದ ಮಾತೆಲ್ಲಿದೆ? ಮೇಲಾಗಿ ಆ ಕಾಲದ ಯಜ್ಞಕರ್ತನ ಎಣಿಕೆಯಲ್ಲಿ ಗದ್ದೆಯ ಆಳು ಸಾಲಿಗನ ಸ್ಥಾನದಲ್ಲಿ ಇದ್ದನೇ? ಇರಲಿಲ್ಲವೆಂದೇ ಒಪ್ಪೋಣ. ನಾನು ಮಾಡುತ್ತಿರುವುದು ಆ ವಿಚಾರದ ವಿಸ್ತರಣೆ. ಆದರೆ ಅದು ಬೇರಿಲ್ಲದ ವಿಸ್ತರಣೆಯಲ್ಲ. ಅನ್ನ ಕೊಡುವುದು ಋಣ ತೀರಿಸುವ ಬಗೆಯಾದರೆ, ಆ ಅನ್ನವನ್ನು ಬೆಳೆದುಕೊಟ್ಟವನಿಗೆ ಮನೆ ಎಷ್ಟು ಬಾಕಿಯಿದೆಯೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅತಿಥಿಗೆ ಬಡಿಸಿದ ಅಕ್ಕಿ ಬಂದದ್ದು ಯಾರ ಬೆನ್ನಿನಿಂದ ಎಂದು ಕೇಳದ ಋಣವಿಚಾರ ಅರ್ಧಕ್ಕೇ ನಿಂತ ವಿಚಾರ. ಒಂದು ತತ್ತ್ವ ಹುಟ್ಟಿದ ಕಾಲದ ಮಿತಿಯೊಳಗೇ ಅದನ್ನು ಕಟ್ಟಿಹಾಕಿದರೆ ಧರ್ಮವಿಚಾರಕ್ಕೆ ಬೆಳವಣಿಗೆಯೇ ಇರುವುದಿಲ್ಲ. ಹನ್ನೆರಡನೇ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಕೆಲಸಗಳ ನಡುವಿನ ಮೇಲುಕೀಳನ್ನು ಪ್ರಶ್ನಿಸಿದ ನಾಡಿನಲ್ಲಿ, ದುಡಿದವನೇ ಮೊದಲ ಸಾಲಿಗನೆಂದು ಹೇಳುವುದು ಪರಕೀಯ ಮಾತೂ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಭಾವುಕವಾದದ್ದು, ಆದ್ದರಿಂದ ಹೆಚ್ಚು ಬಲವಾದದ್ದು. ಅಜ್ಜನ ಅಜ್ಜ ಮಾಡಿದ್ದಕ್ಕೆ ನಾವೇಕೆ ತಲೆ ತಗ್ಗಿಸಬೇಕು? ಅವರವರ ಕರ್ಮ ಅವರವರಿಗೆ ಎಂದು ಶಾಸ್ತ್ರವೇ ಹೇಳುವಾಗ, ಮನೆತನದ ಕಳಂಕವನ್ನು ನಾವೇ ಬಯಲಿಗೆಳೆಯುವುದು ಪಿತೃದ್ರೋಹವಲ್ಲವೇ? ಪಾಪ ಮತ್ತು ಋಣ ಬೇರೆಬೇರೆ ಎಂಬುದನ್ನು ಮರೆತಾಗ ಮಾತ್ರ ಈ ಪ್ರಶ್ನೆ ಗೆಲ್ಲುತ್ತದೆ. ಧರ್ಮಶಾಸ್ತ್ರಕಾರರು ಇದನ್ನು ಚೆನ್ನಾಗಿ ಬೇರ್ಪಡಿಸಿದ್ದರು. ತಂದೆಯ ಸಾಲವನ್ನು ಮಗ ತೀರಿಸಬೇಕು, ಆದರೆ ಜೂಜಿಗೆ, ಕುಡಿತಕ್ಕೆ ಮಾಡಿದ ಸಾಲ ಅವನನ್ನು ಕಟ್ಟುವುದಿಲ್ಲ ಎಂದರು. ಬ್ರಿಟಿಷ್ ಕಾಲದ ನ್ಯಾಯಾಲಯಗಳೂ ಈ ಹೊಣೆಯನ್ನು ಮನ್ನಿಸಿದವು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹೊಸ ಸಾಲಗಳಿಗೆ, ಧಾರ್ಮಿಕ ಹೊಣೆಯೆಂಬ ಒಂದೇ ಕಾರಣ ಕೊಟ್ಟು, ಮಗನ ಮೇಲೆ ದಾವೆ ಹೂಡುವಂತಿಲ್ಲ. ಕಾನೂನು ಕೈಬಿಟ್ಟದ್ದು ವಸೂಲಿಯನ್ನು. ಬಾಕಿ ತೀರಿಸುವುದು ಒಳ್ಳೆಯದೆಂಬ ತಿಳಿವಳಿಕೆಯನ್ನಲ್ಲ. ಹಿರಿಯರು ಆಳನ್ನು ಅಡವು ಹಿಡಿದ ಪಾಪ ಇಂದಿನ ಮೊಮ್ಮಗಳದಲ್ಲ. ಆ ಅಡವುಪತ್ರ ಅವಳ ಕೈಯಲ್ಲಿದೆ ಎಂಬುದು ಮಾತ್ರ ಅವಳದೇ ವರ್ತಮಾನ. ಅದನ್ನು ಏನು ಮಾಡುತ್ತಾಳೆ ಎಂಬುದು ಅವಳದೇ ಕರ್ಮ. ಹಾಗೆ ನೋಡಿದರೆ ಪಿತೃಗಳನ್ನು ಬಾಕಿಯಿಂದ ಬಿಡಿಸುವುದೇ ಮಕ್ಕಳ ಕೆಲಸವೆಂದು ಶ್ರಾದ್ಧದ ಕಲ್ಪನೆಯೂ ಹೇಳುತ್ತದೆ. ಮುಚ್ಚಿಟ್ಟರೆ ಬಾಕಿ ಉಳಿಯುತ್ತದೆ, ಹೇಳಿದರೆ ಒಂದಿಷ್ಟಾದರೂ ಇಳಿಯುತ್ತದೆ.

ಕಾಗದವನ್ನು ನಂಬುವುದು ಹೇಗೆ ಎಂಬುದು ಮೂರನೆಯ ಆಕ್ಷೇಪ. ಇನಾಮು ಕಮಿಷನ್ನಿನ ಮುಂದೆ ಬಂದ ಸನದುಗಳಲ್ಲಿ ಖೊಟ್ಟಿಯವೂ ಇದ್ದವೆಂಬ ಆರೋಪವಿತ್ತು. ಬಳಪದ ಕಡತವನ್ನು ಒರೆಸಿ ಮತ್ತೆ ಬರೆಯಬಹುದು. ಗೇಣಿಲೆಕ್ಕ ಬರೆದದ್ದು ಒಡೆಯನ ಕೈ. ಇಂಥ ಬರಹದಿಂದ ಆಳಿನ ಬದುಕನ್ನು ಕಟ್ಟಲು ಹೊರಟರೆ ಒಡೆಯನ ಸುಳ್ಳಿಗೇ ಇತಿಹಾಸದ ಮುದ್ರೆ ಒತ್ತಿದಂತಾಗದೇ? ನ್ಯಾಯದರ್ಶನ ಶಬ್ದವನ್ನು ಪ್ರಮಾಣವೆಂದು ಒಪ್ಪುವಾಗ, ಹೇಳುವವನು ಆಪ್ತನೇ, ಅಂದರೆ ವಿಷಯವನ್ನು ಬಲ್ಲವನೂ ಇದ್ದಂತೆ ಹೇಳುವವನೂ ಆಗಿದ್ದಾನೆಯೇ ಎಂದು ಕೇಳುತ್ತದೆ. ಆ ಪರೀಕ್ಷೆಯನ್ನು ಇಲ್ಲಿಯೂ ಹಚ್ಚೋಣ. ಅಡವುಪತ್ರ ತಾನು ಸಾಧಿಸಲು ಹೊರಟ ವಿಷಯದಲ್ಲಿ, ಅಂದರೆ ಒಡೆಯನ ಹಕ್ಕಿನ ವಿಷಯದಲ್ಲಿ, ಆಪ್ತನಲ್ಲದಿರಬಹುದು. ಅಲ್ಲಿ ಅದಕ್ಕೆ ಸ್ವಾರ್ಥವಿದೆ. ಆದರೆ ಇಂಥ ಹೆಸರಿನ ಆಳು, ಅವನ ಹೆಂಡತಿ, ಮಕ್ಕಳು ಇಷ್ಟು ಹಣಕ್ಕೆ ಎಂದು ಅದು ಬರೆಯುವಾಗ ಅದಕ್ಕೆ ಏನನ್ನೂ ಒಪ್ಪಿಸಬೇಕಾಗಿಲ್ಲ. ಬರೆದವನಿಗೆ ಅದು ತಪ್ಪೆಂದು ಅನಿಸಿಯೂ ಇರಲಿಲ್ಲ. ತನ್ನ ಅರಿವಿಲ್ಲದೆ ತನ್ನ ವಿರುದ್ಧವೇ ನುಡಿಯುವ ಸಾಕ್ಷಿಗಿಂತ ಗಟ್ಟಿಯಾದ ಸಾಕ್ಷಿ ಯಾವುದು? ಖೊಟ್ಟಿ ಸನದು ಕೂಡ ಒಂದು ಸತ್ಯವನ್ನು ಹೇಳುತ್ತದೆ: ಎಂಥ ಒತ್ತಡದಲ್ಲಿ, ಯಾರ ಕಣ್ಣಿಗಾಗಿ ಅದನ್ನು ಹುಟ್ಟಿಸಬೇಕಾಯಿತು ಎಂಬುದನ್ನು. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿ ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳನ್ನು ಕಂಡರು. 1791ರಲ್ಲಿ ಮರಾಠಾ ದಂಡು ಮಠವನ್ನು ಲೂಟಿ ಮಾಡಿದ ಮೇಲೆ ಶಾರದೆಯ ಪುನಃಪ್ರತಿಷ್ಠೆಗೆ ಸುಲ್ತಾನ ನೆರವು ಕಳಿಸಿದ ವಿಷಯ ಅವುಗಳಲ್ಲಿತ್ತು. ಆ ಪತ್ರಗಳು ಟಿಪ್ಪುವಿನ ಕುರಿತ ವಾದವನ್ನು ಮುಗಿಸಲಿಲ್ಲ, ಆದರೆ ಅವನನ್ನು ಒಂದೇ ಬಣ್ಣದಲ್ಲಿ ಚಿತ್ರಿಸುವುದನ್ನು ಎರಡೂ ಪಕ್ಷದವರಿಗೆ ಕಷ್ಟವಾಗಿಸಿದವು. ಕಾಗದದಿಂದ ನಾವು ನಿರೀಕ್ಷಿಸಬೇಕಾದದ್ದು ಇಷ್ಟೇ, ಮತ್ತು ಇದು ಸಣ್ಣದಲ್ಲ.

ನಾಲ್ಕನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಕಠಿಣವಾಗಿ ಕಾಣುತ್ತದೆ. ಕಾಗದ ಬಯಲಾದರೆ ನೋವು ಒಡೆಯನ ಮನೆಗೆ ಮಾತ್ರವಲ್ಲ. ಇಂದು ಓದಿ, ದುಡಿದು, ಊರಲ್ಲಿ ತಲೆಯೆತ್ತಿ ನಿಂತ ಕುಟುಂಬವೊಂದರ ಮುತ್ತಜ್ಜನನ್ನು ಹದಿನೈದು ವರಹಕ್ಕೋ ಇಪ್ಪತ್ತಕ್ಕೋ ಅಡವಿಟ್ಟಿದ್ದರು ಎಂದು ಯಾರೋ ಸಂಶೋಧಕ ಅಚ್ಚು ಹಾಕಿದರೆ, ಅವರಿಗೆ ಅದು ನ್ಯಾಯವೇ, ಇನ್ನೊಂದು ಅವಮಾನವೇ? ಸತ್ಯಕ್ಕಾಗಿ ಎಂದು ಹೇಳಿ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ, ಮತ್ತು ತಪ್ಪು. ಋಣದ ತರ್ಕವೇ ಇಲ್ಲಿ ದಾರಿ ತೋರಿಸುತ್ತದೆ. ಸಾಲದ ವಿಷಯದಲ್ಲಿ ಮೊದಲ ಮಾತು ಸಾಲಿಗನದು. ಬಾಕಿದಾರ ತನಗೆ ತೋಚಿದಂತೆ ಊರಿನ ಮುಂದೆ ಹಣ ಎಸೆದು ಋಣ ತೀರಿತು ಎನ್ನಲಾಗದು. ಸಲ್ಲಬೇಕಾದವನ ಕೈಗೆ ಸಲ್ಲಬೇಕು. ಆದ್ದರಿಂದ ಇಂಥ ಕಾಗದಗಳು ಮೊದಲು ತೆರೆಯಬೇಕಾದದ್ದು ಅವುಗಳಲ್ಲಿ ಹೆಸರಿರುವವರ ವಂಶಜರಿಗೆ, ಅವರ ಊರಿಗೆ, ಸಮುದಾಯಕ್ಕೆ. ಹೆಸರು ಅಚ್ಚಾಗಬೇಕೇ, ಎಷ್ಟು ಕಾಲ ಮುಚ್ಚಿರಬೇಕು ಎಂಬುದರಲ್ಲಿ ಅವರ ಇಚ್ಛೆಗೆ ಬೆಲೆ ಬರಬೇಕು. ಗುಟ್ಟು ಕಾಯುವ ಹಕ್ಕು ಇಲ್ಲಿ ಇಲ್ಲವೆಂದಲ್ಲ. ಇದೆ, ಆದರೆ ಅದು ಕಾಗದ ಬರೆಸಿದವರ ಕಡೆಯಿಂದ ಅದರಲ್ಲಿ ಬರೆಯಲ್ಪಟ್ಟವರ ಕಡೆಗೆ ಸರಿಯುತ್ತದೆ. ಅವರು ಮೌನ ಬಯಸಿದರೆ ಅದು ಅವರ ಆಯ್ಕೆ. ಒಡೆಯನ ಮನೆಯವರು ಅವರ ಪರವಾಗಿ ಮೌನ ವಹಿಸುವುದು ಹಳೆಯ ಯಜಮಾನಿಕೆಯ ಮುಂದುವರಿಕೆ.

ಕೊನೆಯ ಆಕ್ಷೇಪ ವ್ಯಾವಹಾರಿಕ. ಕೊಟ್ಟದ್ದು ಹಿಂದಿರುಗಿ ಬರುವುದಿಲ್ಲ. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇ ನಡೆಸುತ್ತ, ಕಾವಲಿ ಬೊರಯ್ಯನಂಥ ದೇಶೀಯ ವಿದ್ವಾಂಸರ ನೆರವಿನಿಂದ ಊರೂರಿನ ಕೈಫಿಯತ್ತು, ಕಡತ, ಶಾಸನಪ್ರತಿಗಳನ್ನು ಕೂಡಿಸಿದ. 1821ರಲ್ಲಿ ಅವನು ತೀರಿಕೊಂಡ ಮೇಲೆ ಸಂಗ್ರಹವನ್ನು ಕಂಪನಿ ಕೊಂಡಿತು, ಅದು ಲಂಡನ್ನಿಗೂ ಮದರಾಸಿಗೂ ಹಂಚಿಹೋಯಿತು. ಆ ಸಂಗ್ರಹವಿಲ್ಲದಿದ್ದರೆ ನಮ್ಮ ಎಷ್ಟೋ ಊರುಗಳ ಕಥೆ ಅಳಿದೇ ಹೋಗುತ್ತಿತ್ತು ಎಂಬುದೂ ನಿಜ, ಕೊಟ್ಟ ಊರುಗಳ ಕೈಗೆ ಅದು ಸಿಗದೆ ಹೋಯಿತು ಎಂಬುದೂ ನಿಜ. ಪರಿಹಾರಕ್ಕೆ ನಾವು ದೂರ ಹೋಗಬೇಕಿಲ್ಲ. ಜೈನರು ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಇಟ್ಟರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಮೂಲ ಕಳೆದುಕೊಳ್ಳದೆ ಕೊಡಬಹುದಾದ ದಾನ ಅದೊಂದೇ. ಇಂದು ಅದಕ್ಕೆ ಲಿಪಿಕಾರರ ಪಡೆ ಬೇಡ, ಸ್ಕ್ಯಾನರ್ ಸಾಕು. ಮೂಲ ಮನೆಯಲ್ಲೇ ಇರಲಿ, ಪ್ರತಿ ಹೊರಗೆ ಹೋಗಲಿ. ಒಂದು ಊರಿನ ಶಾಲೆಗೆ, ಒಂದು ಜಿಲ್ಲೆಯ ಸಂಗ್ರಹಕ್ಕೆ, ಒಂದು ರಾಜ್ಯ ಪತ್ರಾಗಾರಕ್ಕೆ. ಕೆಳದಿಯಲ್ಲಿ ಗುಂಡಾ ಜೋಯಿಸರು ಓಲೆಗರಿ, ಕಡತಗಳನ್ನು ಕೂಡಿಸಿ ಕಟ್ಟಿದ ವಸ್ತುಸಂಗ್ರಹಾಲಯ, ಹಳೆಯ ಸಾಮಗ್ರಿ ತನ್ನ ಸೀಮೆಯಲ್ಲೇ ಉಳಿದು ವಿದ್ವತ್ತಿಗೆ ಒದಗಬಹುದೆಂಬುದನ್ನು ತೋರಿಸಿದೆ.

ಹೀಗೆ ಮಾಡುವುದರಿಂದ ಮನೆತನದ ಸ್ಥಾನ ಕೆಳಗಿಳಿಯುತ್ತದೆಯೇ? ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಯಜಮಾನ ಎಂದರೆ ಒಡೆಯನಲ್ಲ. ಕುಟುಂಬದ ಸ್ವತ್ತನ್ನು ನೋಡಿಕೊಳ್ಳುವುದು ಅವನ ಅಧಿಕಾರ, ತನ್ನಿಷ್ಟದಂತೆ ಪರಭಾರೆ ಮಾಡುವುದು ಅವನ ಅಧಿಕಾರವಲ್ಲ. ಹುಟ್ಟಲಿರುವವರ ಪಾಲೂ ಅದರಲ್ಲಿದೆ ಎಂಬುದು ಆ ವ್ಯವಸ್ಥೆಯ ತಿಳಿವಳಿಕೆಯಾಗಿತ್ತು. ಕಾಗದದ ವಿಷಯದಲ್ಲಿ ನಾವೆಲ್ಲರೂ ಅಂಥ ಯಜಮಾನರು. ದೇಶದ ಕಾನೂನು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಎಪ್ಪತ್ತೈದು ವರ್ಷ ಮೀರಿದ, ಚಾರಿತ್ರಿಕ ಬೆಲೆಯುಳ್ಳ ಹಸ್ತಪ್ರತಿ ಮತ್ತು ದಾಖಲೆಗಳನ್ನು 1972ರ ಪುರಾವಸ್ತು ಕಾಯ್ದೆ ಪುರಾವಸ್ತುವೆಂದು ಎಣಿಸಿ ವಿದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಸರ್ಕಾರಿ ಕಡತಗಳಿಗೆ ಸಂಬಂಧಿಸಿದ್ದು. ಮನೆಯ ಪೆಟ್ಟಿಗೆಯನ್ನು ಓದಿಸು ಎಂದು ಯಾವ ಕಾನೂನೂ ಒತ್ತಾಯಿಸುವುದಿಲ್ಲ, ಒತ್ತಾಯಿಸಲೂ ಬಾರದು. ಸನದು ತೋರಿಸೆಂದು ಸರ್ಕಾರ ಬಾಗಿಲು ಬಡಿದ ಅನುಭವ ಈ ನಾಡಿಗೆ ಒಮ್ಮೆ ಸಾಕಾಗಿದೆ. ಕಾನೂನು ನಿಲ್ಲುವ ಜಾಗದಿಂದ ಧರ್ಮ ಶುರುವಾಗುವುದರಿಂದಲೇ ಇದನ್ನು ಧರ್ಮದ ಪ್ರಶ್ನೆ ಎಂದದ್ದು. ಇನಾಮು ಕಮಿಷನ್ನು ಕಾಗದವನ್ನು ಹಕ್ಕಿನ ಪುರಾವೆಯನ್ನಾಗಿ ಮಾಡಿತು; ಅದನ್ನು ಬಾಕಿಯ ಪುರಾವೆಯಾಗಿ ಓದುವ ಸ್ವಾತಂತ್ರ್ಯ ಈಗ ನಮಗಿದೆ. ಪಾಲುಪಟ್ಟಿಯಲ್ಲಿ ಗದ್ದೆ, ತೋಟ, ಬಂಗಾರದ ಕೆಳಗೆ ಕಾಗದಗಳಿಗೂ ಒಂದು ಸಾಲು ಬರೆಯಲಿ: ಇವು ಯಾರ ಪಾಲಿಗೂ ಇಲ್ಲ, ಇಂಥವರು ಕಾಯತಕ್ಕದ್ದು, ಇವುಗಳಲ್ಲಿ ಹೆಸರಿರುವವರ ಮನೆಯವರು ಕೇಳಿಬಂದರೆ ತೋರಿಸತಕ್ಕದ್ದು.